‘ಮುಟ್ಟಬಾರದು’ ಎಂಬ ಪಾಠವನ್ನು ಎಳೆಯ ಮಗು ಹೇಗೆ ಕೇಳಿಸಿಕೊಳ್ಳುತ್ತದೆ?

ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ. ಆದುದರಿಂದ ನವೆಂಬರ್ ಬಂತೆಂದರೆ ಶಾಲೆಗಳಲ್ಲಿ ಮಕ್ಕಳ ಸುರಕ್ಷತೆಯ ಕಾರ್ಯಕ್ರಮಗಳು ಹೆಚ್ಚುತ್ತವೆ. ಉಡುಪಿ ಜಿಲ್ಲೆಯ ಐದು ಶೈಕ್ಷಣಿಕ ವಲಯಗಳಲ್ಲಿ ಮೂರಾದ ಕುಂದಾಪುರ, ಬೈಂದೂರು, ಬ್ರಹ್ಮಾವರಗಳೂ ಇದಕ್ಕೆ ಹೊರತಲ್ಲ. ಪೊಲೀಸ್ ಅಧಿಕಾರಿಯೋ ವಕೀಲರೋ ಆಪ್ತಸಮಾಲೋಚಕರೋ ಬಂದು ಒಂದು ಗಂಟೆ ಮಾತನಾಡುತ್ತಾರೆ. 1098 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಾರೆ. ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ ಪ್ರಕಟವಾಗುತ್ತದೆ. ಈ ಶ್ರಮವನ್ನು ನಾವು ಕಿರಿದುಗೊಳಿಸುವುದಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಶಾಲೆಯ ಅಂಗಳದಲ್ಲಿ ಈ ಮಾತನ್ನು ಎತ್ತುವುದೇ ಅಸಾಧ್ಯವಾಗಿತ್ತು. ಆದರೆ ಸಭೆಯ ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ ಒಂದನೆಯ, ಎರಡನೆಯ ತರಗತಿಯ ಮಗು ಆ ಒಂದು ಗಂಟೆಯಿಂದ ಏನನ್ನು ಮನೆಗೆ ಒಯ್ಯಿತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಕರಾವಳಿಯ ಈ ಮೂರು ತಾಲೂಕುಗಳಲ್ಲಿ ನಮ್ಮ ಸಮಾಜದವರ ಸಂಖ್ಯೆ ಅಲ್ಪ. ಕೆಳದಿ ಅರಸರು ಬಸರೂರು, ಬಾರ್ಕೂರುಗಳನ್ನು ಆಳಿದ ಕಾಲದಿಂದ ಸಂಬಂಧವಿದ್ದರೂ ಇಂದು ಇಲ್ಲಿರುವ ನಮ್ಮ ಭಕ್ತರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ ಕಡೆಗಳಿಂದ ಉದ್ಯೋಗಕ್ಕಾಗಿ ಬಂದವರು. ಅವರಲ್ಲಿ ಶಾಲಾ ಶಿಕ್ಷಕರಿದ್ದಾರೆ, ಬ್ಯಾಂಕಿನವರಿದ್ದಾರೆ, ಕಟ್ಟಡದ ಕೆಲಸಕ್ಕೆ ಬಂದು ಮಕ್ಕಳನ್ನು ಇಲ್ಲಿಯ ಸರ್ಕಾರಿ ಶಾಲೆಗೆ ಸೇರಿಸಿದ ಕುಟುಂಬಗಳೂ ಇವೆ. ಇವರಲ್ಲಿ ಕೆಲವರು ಶ್ರೀಮಠಕ್ಕೆ ಬಂದಾಗ, ಭಾನುವಾರದ ವಚನ ತರಗತಿಯಲ್ಲಿಯೂ ಈ ಪಾಠವನ್ನು ಹೇಳಬಹುದೇ, ಹೇಳಿದರೆ ಎಳೆಯ ಮನಸ್ಸು ಕೆಡದೇ ಎಂದು ಕೇಳಿದ್ದಾರೆ. ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಮೊದಲು ಪಾಠದ ಭಾಷೆಯನ್ನು ನೋಡೋಣ. ಎಲ್ಲೆಡೆಯೂ ಬಳಕೆಯಲ್ಲಿರುವುದು ‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಎಂಬ ಜೋಡಿ. ಇದು ಇಂಗ್ಲಿಷಿನಿಂದ ಬಂದ ಅನುವಾದ. ‘ಸ್ಪರ್ಶ’ ಎಂಬುದು ಪುಸ್ತಕದ ಪದ, ಆರು ವರ್ಷದ ಮಗುವಿನ ಬಾಯಲ್ಲಿ ಎಂದೂ ಆಡದ ಪದ. ಈ ತಾಲೂಕುಗಳ ಒಂದೇ ತರಗತಿಯಲ್ಲಿ ಮನೆಯಲ್ಲಿ ಕುಂದಗನ್ನಡ ಆಡುವ ಮಗು, ಬ್ರಹ್ಮಾವರದ ಕಡೆಯಾದರೆ ತುಳು ಆಡುವ ಮಗು, ಗಂಗೊಳ್ಳಿಯ ಖಾರ್ವಿ ಕೇರಿಯ ಕೊಂಕಣಿ ಮಗು, ಶಿರೂರಿನ ನವಾಯತ ಮನೆಯ ಮಗು, ಉತ್ತರ ಕರ್ನಾಟಕದಿಂದ ಬಂದ ಕೂಲಿಯವರ ಮಗು ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಗ್ರಂಥಸ್ಥ ಕನ್ನಡ ಇವರಲ್ಲಿ ಯಾರಿಗೂ ತಾಯಿಯ ಮಡಿಲಿನ ಭಾಷೆಯಲ್ಲ. ದೇಹದ ಅಂಗಗಳಿಗೆ ಪಾಠದಲ್ಲಿ ಬಳಸುವ ಹೆಸರು ಒಂದು, ಮನೆಯಲ್ಲಿ ಬಳಸುವುದು ಇನ್ನೊಂದು. ಅನೇಕ ಮನೆಗಳಲ್ಲಿ ಅವಕ್ಕೆ ಹೆಸರೇ ಇಲ್ಲ, ‘ಅಲ್ಲಿ’, ‘ಕೆಳಗೆ’ ಎಂಬ ಸನ್ನೆಗಳಷ್ಟೇ ಇವೆ. ಹೆಸರಿಲ್ಲದ ಅಂಗಕ್ಕೆ ನೋವಾದರೆ ಮಗು ದೂರು ಹೇಳುವುದಾದರೂ ಹೇಗೆ?

ಬೈಂದೂರು ವಲಯದ ಶಾಲೆಯೊಂದರಲ್ಲಿ ಪಾಠ ಹೇಳುವ ನಮ್ಮ ಭಕ್ತೆಯೊಬ್ಬರು ಇಂತಹ ಕಾರ್ಯಕ್ರಮವಾದ ಮರುದಿನ ಎರಡನೆಯ ತರಗತಿಯ ಮಕ್ಕಳನ್ನು ‘ಕೆಟ್ಟ ಸ್ಪರ್ಶವೆಂದರೆ ಏನು?’ ಎಂದು ಕೇಳಿದರಂತೆ. ಆಸ್ಪತ್ರೆಯ ಇಂಜೆಕ್ಷನ್ ಎಂದು ಒಂದು ಮಗು ಹೇಳಿತು. ದೊಡ್ಡ ಹುಡುಗರು ಸಾಲಿನಲ್ಲಿ ತಳ್ಳುವುದು ಎಂದು ಮತ್ತೊಂದು, ಅಜ್ಜಿ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದು ಎಂದು ಮಗದೊಂದು. ಒಳ್ಳೆಯ ಸ್ಪರ್ಶ ಯಾವುದು ಎಂದುದಕ್ಕೆ ಚಾಕಲೇಟು ಕೊಡುವವರು ಮುಟ್ಟುವುದು ಎಂಬ ಉತ್ತರ ಬಂತು. ಮಕ್ಕಳು ನಕ್ಕರು, ಆದರೆ ಆ ತಾಯಿಗೆ ನಗು ಬರಲಿಲ್ಲ.

ಮಕ್ಕಳ ಉತ್ತರದಲ್ಲಿ ದಡ್ಡತನವಿಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1932ರಷ್ಟು ಹಿಂದೆಯೇ ತೋರಿಸಿದಂತೆ, ಎಳೆಯ ಮಕ್ಕಳು ಒಂದು ಕೃತ್ಯದ ಒಳಿತು ಕೆಡುಕನ್ನು ಮಾಡಿದವನ ಉದ್ದೇಶದಿಂದ ಅಳೆಯುವುದಿಲ್ಲ, ಕಣ್ಣಿಗೆ ಕಂಡ ಪರಿಣಾಮದಿಂದ ಅಳೆಯುತ್ತಾರೆ. ನೋವಾಯಿತೇ, ಅದು ಕೆಟ್ಟದ್ದು. ಹಿತವಾಯಿತೇ, ಅಥವಾ ತನಗೆ ಪ್ರಿಯರಾದವರು ಮಾಡಿದರೇ, ಅದು ಒಳ್ಳೆಯದು. ಆದರೆ ಮಕ್ಕಳ ಮೇಲಿನ ದೌರ್ಜನ್ಯ ಬಹುಪಾಲು ನೋವಿನಿಂದ ಆರಂಭವಾಗುವುದಿಲ್ಲ. ಆಟದಿಂದ, ತಿಂಡಿಯಿಂದ, ಮೊಬೈಲಿನಿಂದ, ‘ಇದು ನಮ್ಮಿಬ್ಬರ ಗುಟ್ಟು’ ಎಂಬ ಸಲುಗೆಯಿಂದ ಆರಂಭವಾಗುತ್ತದೆ. ಮಗುವಿನ ಅಳತೆಗೋಲಿನಲ್ಲಿ ಅದು ‘ಒಳ್ಳೆಯ’ ಪಟ್ಟಿಗೇ ಸೇರುತ್ತದೆ. ಅಮೆರಿಕದಲ್ಲಿ ಸ್ಯಾಂಡಿ ವರ್ಟೆಲೆ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಶಾಲಾಪೂರ್ವ ಮಕ್ಕಳಿಗೆ ಎರಡು ಬಗೆಯಲ್ಲಿ ಪಾಠ ಹೇಳಿ ಹೋಲಿಸಿದರು. ಒಂದು ಗುಂಪಿಗೆ ‘ನಿನಗೆ ಹೇಗೆನಿಸುತ್ತದೆ ನೋಡಿ ನಿರ್ಧರಿಸು’ ಎಂದು ಕಲಿಸಿದರು, ಇನ್ನೊಂದಕ್ಕೆ ‘ಈ ಅಂಗಗಳು ನಿನ್ನವು, ಇದು ನಿಯಮ’ ಎಂದು ಕಲಿಸಿದರು. ಭಾವನೆಯನ್ನು ನೆಚ್ಚಿಕೊಂಡ ಗುಂಪು ಹೆಚ್ಚು ತಬ್ಬಿಬ್ಬಾಯಿತು. ನಮ್ಮ ಶಾಲೆಗಳ ಪಾಠ ಇಂದಿಗೂ ಬಹುಮಟ್ಟಿಗೆ ಆ ಮೊದಲನೆಯ ಬಗೆಯದೇ.

ಈ ನಾಡಿನ ಮಗುವಿಗೆ ಇನ್ನೊಂದು ತೊಡಕೂ ಉಂಟು. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆಯಾಟವನ್ನು ತಾಯಿಯ ತೊಡೆಯ ಮೇಲೆ ಕುಳಿತು ನೋಡಿದ ಮಗು ಕೆಟ್ಟವನೆಂದರೆ ಬಣ್ಣದ ವೇಷದವನೆಂದೇ ತಿಳಿದಿರುತ್ತದೆ. ರಕ್ಕಸ ತೆರೆಯ ಹಿಂದೆಯೇ ಆರ್ಭಟಿಸಿ ತನ್ನ ಬರವನ್ನು ಸಾರುತ್ತಾನೆ. ಶಾಲೆಗೆ ತೋರಿಸಲು ತರುವ ಚಿತ್ರಗಳಲ್ಲಿಯೂ ‘ಕೆಟ್ಟ ಮಾಮ’ನಿಗೆ ಹುಬ್ಬು ಗಂಟಿಕ್ಕಿರುತ್ತದೆ, ಮೀಸೆ ದಪ್ಪವಾಗಿರುತ್ತದೆ. ವಾಸ್ತವ ಇದಕ್ಕೆ ತೀರ ವಿರುದ್ಧ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷ ಪ್ರಕಟಿಸುವ ಅಂಕಿಗಳಂತೆ, ಪೋಕ್ಸೊ ಕಾಯ್ದೆಯ ಗಂಭೀರ ಪ್ರಕರಣಗಳಲ್ಲಿ ಶೇ 90ಕ್ಕೂ ಮಿಕ್ಕಿ ಆರೋಪಿಗಳು ಮಗುವಿಗೆ ಪರಿಚಿತರು. ನೆರೆಯವರು, ಬಂಧುಗಳು, ಮನೆಗೆ ಬಂದು ಹೋಗುವವರು.

2018ರ ನವೆಂಬರ್ ತಿಂಗಳಲ್ಲಿ ಬೈಂದೂರು ಪೊಲೀಸರು ಪತ್ರಿಕಾ ವರದಿಗಾರನೊಬ್ಬನನ್ನು ಬಂಧಿಸಿದಾಗ ಇಡೀ ಸೀಮೆ ಬೆಚ್ಚಿಬಿದ್ದದ್ದು ಈ ಕಾರಣಕ್ಕೇ. ದೂರುದಾರರೆಲ್ಲ ಬಾಲಕರು. ಒಂದು ದೂರಿನ ಹಿಂದೆ ಒಂದರಂತೆ ಬೇರೆ ಬೇರೆ ಠಾಣೆಗಳಲ್ಲಿ ಪ್ರಕರಣಗಳು ದಾಖಲಾದವು. ಶಾಲೆಗಳ, ಊರುಗಳ ಕುರಿತು ವರದಿ ಬರೆಯಲು ಬಂದವನೆಂಬ ಗೌರವದ ಪರಿಚಯವೇ ಮಕ್ಕಳ ಬಳಿಗೆ ಹೋಗಲು ದಾರಿಯಾಯಿತೆಂಬುದು ಅಂದಿನ ಆರೋಪವಾಗಿತ್ತು. ಆ ಪ್ರಕರಣಗಳ ನ್ಯಾಯನಿರ್ಣಯ ನ್ಯಾಯಾಲಯಗಳಿಗೆ ಬಿಟ್ಟ ವಿಷಯ. ನಮಗೆ ಇಲ್ಲಿ ಮುಖ್ಯವಾದುದು ಮೊದಲ ದೂರಿನವರೆಗೆ ಮಕ್ಕಳು ಮೌನವಾಗಿದ್ದರೆಂಬುದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 53.22ರಷ್ಟು ಮಕ್ಕಳು ಯಾವುದಾದರೊಂದು ರೂಪದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳು. ‘ಹೆಣ್ಣುಮಗುವಿಗೆ ಜಾಗ್ರತೆ ಹೇಳಿದ್ದೇವೆ, ಮಾಣಿಗೆ ಏನಾಗುತ್ತದೆ’ ಎನ್ನುವ ಮಾತು ಕುಂದಾಪುರದ ಕಡೆ ಈಗಲೂ ಕೇಳಿಬರುತ್ತದೆ. ಬೈಂದೂರಿನ ಘಟನೆಯ ಬಳಿಕವೂ ಅದು ನಿಂತಿಲ್ಲವೆಂಬುದು ಆಶ್ಚರ್ಯ.

ಇನ್ನು ನಮ್ಮ ದೃಷ್ಟಿಯಲ್ಲಿ ಅತ್ಯಂತ ಗಂಭೀರವಾದ ಸಂಗತಿಗೆ ಬರುತ್ತೇವೆ. ‘ಮುಟ್ಟಬಾರದು’ ಎಂಬ ಮಾತನ್ನು ಮಗು ಮೊತ್ತಮೊದಲು ಕೇಳುವುದು ಶಾಲೆಯಲ್ಲಲ್ಲ, ಮನೆಯಲ್ಲಿ. ದೇವರ ಕೋಣೆಯ ಬಳಿ ಕೇಳುತ್ತದೆ, ಅಜ್ಜಿ ಮಡಿಯುಟ್ಟಾಗ ಕೇಳುತ್ತದೆ, ಅಮ್ಮ ಮೂರು ದಿನ ‘ಹೊರಗೆ’ ಕುಳಿತಾಗ ಕೇಳುತ್ತದೆ. ‘ಮುಟ್ಟುಕಾಗ’ ಎಂಬ ಕುಂದಗನ್ನಡದ ಗದರಿಕೆಯಲ್ಲಿ ಮಗು ಕಲಿಯುವ ಅರ್ಥ ಒಂದೇ: ಮುಟ್ಟಿದರೆ ಮೈಲಿಗೆಯಾಗುತ್ತದೆ. ‘ಮುಟ್ಟು’ ಎಂಬ ಪದಕ್ಕೇ ಕನ್ನಡದಲ್ಲಿ ರಜಸ್ಸೆಂಬ ಅರ್ಥವೂ ಅಂಟಿಕೊಂಡಿದೆ. ಈ ಲೆಕ್ಕದಲ್ಲಿ ಮೈಲಿಗೆ ತಗಲುವುದು ಯಾರಿಗೆ? ಮುಟ್ಟಿಸಿಕೊಂಡವರಿಗೆ. ಮಡಿಯಲ್ಲಿದ್ದ ಅಜ್ಜಿಯನ್ನು ಮಗು ಮುಟ್ಟಿದರೆ ಸ್ನಾನ ಮಾಡಬೇಕಾದವಳು ಅಜ್ಜಿ. ಈ ತರ್ಕವನ್ನು ಮೈಗೂಡಿಸಿಕೊಂಡ ಮಗುವಿಗೆ ಶಾಲೆಯಲ್ಲಿ ‘ಕೆಟ್ಟ ಸ್ಪರ್ಶ’ ಎಂದು ಹೇಳಿದರೆ, ಯಾರಾದರೂ ಹಾಗೆ ಮುಟ್ಟಿದಲ್ಲಿ ಕೆಟ್ಟದ್ದು ತನಗೆ ಅಂಟಿತೆಂದೇ ಅದು ತಿಳಿಯುವುದಿಲ್ಲವೇ? ತಾನು ಕೊಳೆಯಾದೆ, ಹೇಳಿದರೆ ಮನೆಯವರು ತನ್ನನ್ನು ದೂರವಿಡುವರು ಎಂದು ಹೆದರಿ ಬಾಯಿ ಕಟ್ಟಿಕೊಂಡರೆ ಅದು ಮಗುವಿನ ತಪ್ಪಲ್ಲ, ನಾವು ಕಲಿಸಿದ ಮೈಲಿಗೆಯ ತಪ್ಪು. ರಕ್ಷಣೆಗೆಂದು ಹೇಳಿದ ಪಾಠವೇ ಬಾಯಿಗೆ ಬೀಗವಾಗುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಇದನ್ನು ನಾವು ವೇದಿಕೆಯ ಮೇಲೆ ಹೇಳುತ್ತೇವೆ, ಜಯಂತಿಗಳಲ್ಲಿ ಹೇಳುತ್ತೇವೆ. ಆದರೆ ನಮ್ಮವರ ಅನೇಕ ಮನೆಗಳಲ್ಲಿ ಸೂತಕಗಳೆಲ್ಲ ಹಿಂಬಾಗಿಲಿನಿಂದ ಮರಳಿ ಬಂದು ನೆಲೆಸಿವೆ. ಸೂತಕ ನಿರಾಕರಣೆ ಜಾತಿ ಮತ್ತು ಸ್ತ್ರೀಸಮಾನತೆಗಷ್ಟೇ ಸಂಬಂಧಿಸಿದ್ದೆಂದು ತಿಳಿದವರು ಈ ಕೋನದಿಂದಲೂ ಅದನ್ನು ನೋಡಬೇಕೆಂದು ಬಿನ್ನವಿಸುತ್ತೇವೆ. ಮೈಲಿಗೆಯೆಂಬುದೇ ಇಲ್ಲದ ಮನೆಯಲ್ಲಿ ಬೆಳೆದ ಮಗುವಿಗೆ ತನ್ನ ಮೇಲಾದ ಅನ್ಯಾಯವನ್ನು ಅನ್ಯಾಯವೆಂದು ಹೇಳುವುದು ಸುಲಭ.

ಲಿಂಗದೀಕ್ಷೆ ಪಡೆದ ಮಗುವಿಗೆ ಇನ್ನೊಂದು ದಾರಿಯೂ ತೆರೆದಿದೆ. ಕೊರಳಲ್ಲಿರುವ ಇಷ್ಟಲಿಂಗ ನಿನ್ನದು, ಅದನ್ನು ಪರರ ಕೈಗೆ ಕೊಡಬಾರದು, ಪರರದನ್ನು ನೀನು ಮುಟ್ಟಬಾರದು ಎಂದು ನಾವು ಕಲಿಸುತ್ತೇವೆ. ಅದು ಹೊಲಸೆಂಬ ಕಾರಣಕ್ಕಲ್ಲ, ಪೂಜ್ಯವೆಂಬ ಕಾರಣಕ್ಕೆ. ಲಿಂಗವನ್ನು ಧರಿಸಿದ ದೇಹವೂ ಹಾಗೆಯೇ ಎಂದರೆ ಆರು ವರ್ಷದ ಮಗುವಿಗೂ ತಿಳಿಯುತ್ತದೆ. ಎಲ್ಲ ಮತಗಳ ಮಕ್ಕಳೂ ಕಲಿಯುವ ಶಾಲೆಗೆ ಇದನ್ನು ಒಯ್ಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಮನೆಗೆ ಮತ್ತು ವಚನ ತರಗತಿಗೆ ಇದು ಸಾಕು.

ಹಾಗಾದರೆ ಶಾಲೆಯಲ್ಲಿ ಏನನ್ನು ಹೇಳಬೇಕು? ಚಡ್ಡಿ, ಬನಿಯನ್ ಮುಚ್ಚುವ ಭಾಗಗಳನ್ನು ಯಾರೂ ಮುಟ್ಟುವ, ನೋಡುವ, ಫೋಟೊ ತೆಗೆಯುವ ಹಾಗಿಲ್ಲ. ತಮ್ಮದನ್ನು ಮುಟ್ಟೆಂದು ಹೇಳುವ ಹಾಗೂ ಇಲ್ಲ. ಸ್ನಾನ ಮಾಡಿಸುವ ತಾಯಿ ಅಥವಾ ಅಜ್ಜಿಗೆ, ಮನೆಯವರ ಎದುರಿನಲ್ಲಿ ಪರೀಕ್ಷಿಸುವ ವೈದ್ಯರಿಗೆ ಮಾತ್ರ ವಿನಾಯಿತಿ. ಹಿತವೆನಿಸಿದರೂ, ಮಾಡುವವರು ಪ್ರೀತಿಯವರಾದರೂ ನಿಯಮ ನಿಯಮವೇ. ಮುಟ್ಟುವ ಗುಟ್ಟುಗಳನ್ನು ಕಾಯಬೇಕಾಗಿಲ್ಲ. ಇಷ್ಟನ್ನು ಮನೆಯ ಮಾತಿನಲ್ಲಿ ಹೇಳಿ, ಮಗುವಿನಿಂದ ಆಡಿಸಿ ತೋರಿಸಿ, ತಿಂಗಳು ಬಿಟ್ಟು ಮತ್ತೆ ಆಡಿಸಬೇಕು. ಒಂದು ಭಾಷಣದಿಂದ ಮಗ್ಗಿ ಬಾರದು, ಇದು ಬರುವುದೆಂದು ನಂಬುವುದೇಕೆ?

ಮಕ್ಕಳ ಮನಸ್ಸು ಕೆಡುವುದೆಂಬ ಭಯಕ್ಕೆ ಉತ್ತರವುಂಟು. ಕೊಕ್ರೇನ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಪರಾಮರ್ಶೆ ಹಲವು ದೇಶಗಳ ಶಾಲೆಗಳಲ್ಲಿ ನಡೆದ 24 ಪ್ರಯೋಗಗಳನ್ನು, 5,802 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಮಕ್ಕಳ ತಿಳಿವಳಿಕೆ ಹೆಚ್ಚಿತು, ಆರು ತಿಂಗಳವರೆಗೂ ಉಳಿಯಿತು. ಭಯವಾಗಲಿ ಆತಂಕವಾಗಲಿ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಅದೇ ಪರಾಮರ್ಶೆ, ಪಾಠದಿಂದ ದೌರ್ಜನ್ಯವೇ ಕಡಿಮೆಯಾಯಿತೆಂದು ಸಿದ್ಧಪಡಿಸಲಾಗಲಿಲ್ಲ. ಇದನ್ನು ಪಾಲಕರು ಮನದಟ್ಟು ಮಾಡಿಕೊಳ್ಳಬೇಕು. ಇಪ್ಪತ್ತು ಕಿಲೋ ತೂಕದ ಮಗು ‘ಬೇಡ’ ಎಂದು ಕೂಗಿ ದೊಡ್ಡವನನ್ನು ತಡೆಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ‘ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲ, ನೀನೇಕೆ ಕೂಗಲಿಲ್ಲ?’ ಎಂದು ಕೇಳುವ ಪಾಲಕರು ಮಗುವನ್ನು ಎರಡನೆಯ ಸಲ ಗಾಯಗೊಳಿಸುತ್ತಾರೆ. ಪಾಠದ ನಿಜವಾದ ಫಲ ತಡೆಯುವುದರಲ್ಲಿಲ್ಲ, ಹೇಳುವುದರಲ್ಲಿದೆ. ಹೇಳಿದ್ದು ಫಲಿಸಬೇಕಾದರೆ ಕೇಳುವವರಿರಬೇಕು.

ಎಳೆಯ ಮಗು ವಕೀಲರಂತೆ ಹೇಳಿಕೆ ಕೊಡುವುದಿಲ್ಲ. ‘ಆ ಮಾಮನ ಮನೆಗೆ ಹೋಗುವುದಿಲ್ಲ’ ಎನ್ನುತ್ತದೆ, ಹೊಟ್ಟೆನೋವೆನ್ನುತ್ತದೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬರುತ್ತದೆ. ಅಷ್ಟಕ್ಕೆ ‘ಹಾಗೆಲ್ಲ ಹೇಳಬಾರದು, ಅವರು ದೊಡ್ಡವರು’ ಎಂದರೆ ಆ ಬಾಗಿಲು ಮತ್ತೆ ತೆರೆಯದು. ಮಗು ಅರ್ಧ ಹೇಳಿದಾಗ ಇನ್ನರ್ಧವನ್ನು ನಾವೇ ಊಹಿಸಿ ಅದರ ಬಾಯಿಗೆ ತುರುಕುವುದೂ ಸಲ್ಲದು, ಮುಂದೆ ನ್ಯಾಯಾಲಯದಲ್ಲಿ ಸತ್ಯಕ್ಕೆ ತೊಡಕಾಗುವುದು ಅದರಿಂದಲೇ. ಕೇಳಿಸಿಕೊಂಡು, ‘ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಿಲ್ಲ’ ಎಂದು ಹೇಳಿ, ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸಬೇಕು. ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ತಿಳಿದ ಪ್ರತಿಯೊಬ್ಬರಿಗೂ ಇದು ಕರ್ತವ್ಯ. ತಿಳಿಸದಿದ್ದರೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವ ಪಾಲಕರು ಮತ್ತೊಂದನ್ನೂ ತಿಳಿದಿರಲಿ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕು. ಮಗುವಿನ ಗುರುತನ್ನು ಯಾರೂ ಪ್ರಕಟಿಸುವಂತಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಊರಿನ ಮರ್ಯಾದೆ, ಮನೆತನದ ಮರ್ಯಾದೆ ಎಂದು ಇಂತಹ ದೂರುಗಳನ್ನು ಹಿರಿಯರ ಸಮ್ಮುಖದಲ್ಲಿ ‘ಮುಗಿಸುವ’ ಪದ್ಧತಿ ನಮ್ಮಲ್ಲಿ ಇದೆ. ಆಸ್ತಿಯ ವ್ಯಾಜ್ಯ, ದಾಂಪತ್ಯದ ವಿರಸಗಳನ್ನು ಮಠದಲ್ಲಿ ಇತ್ಯರ್ಥಗೊಳಿಸುವುದುಂಟು. ಮಗುವಿನ ಮೇಲಿನ ದೌರ್ಜನ್ಯ ಆ ಸಾಲಿಗೆ ಸೇರಿದ್ದಲ್ಲ. ರಾಜಿ ಮಾಡಿಸಲು ಯಾವ ಪೀಠಕ್ಕೂ ಅಧಿಕಾರವಿಲ್ಲ, ಕಾನೂನಿನಲ್ಲಿಯೂ ಇಲ್ಲ, ಧರ್ಮದಲ್ಲಿಯೂ ಇಲ್ಲ.

2022ರ ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗದ ಮಠವೊಂದರ ವಿದ್ಯಾರ್ಥಿನಿಲಯದಲ್ಲಿದ್ದ ಬಾಲಕಿಯರು ದೂರು ನೀಡಿ, ಸೆಪ್ಟೆಂಬರ್ 1ರಂದು ಪೀಠಾಧಿಪತಿಗಳ ಬಂಧನವಾದಾಗ ಲಿಂಗಾಯತ ಸಮಾಜ ಎರಡು ಹೋಳಾಗಿ ವಾದಿಸಿತು. 2025ರ ನವೆಂಬರ್‌ನಲ್ಲಿ ವಿಚಾರಣಾ ನ್ಯಾಯಾಲಯ ಅವರನ್ನು ಒಂದು ಪ್ರಕರಣದಲ್ಲಿ ಖುಲಾಸೆಗೊಳಿಸಿತು. ಆ ತೀರ್ಪಿನ ಕುರಿತು ನಾವು ಇಲ್ಲಿ ಏನನ್ನೂ ಹೇಳುವುದಿಲ್ಲ. ಆದರೆ ತೀರ್ಪಿನ ಮೇಲೆ ಅವಲಂಬಿತವಾಗದ ಪ್ರಶ್ನೆಯೊಂದು ಅಂದಿನಿಂದ ನಮ್ಮೊಡನಿದೆ. ಆ ದೂರು ಮೊದಲು ದಾಖಲಾದದ್ದು ಚಿತ್ರದುರ್ಗದಲ್ಲಲ್ಲ, ದೂರದ ಮೈಸೂರಿನಲ್ಲಿ. ಅನ್ನ, ಆಶ್ರಯ, ವಿದ್ಯೆ ಮೂರನ್ನೂ ಒಂದೇ ಕೈಯಿಂದ ಪಡೆಯುವ ಮಗುವಿಗೆ ಆ ಕೈಯ ವಿರುದ್ಧ, ಅಥವಾ ಆ ಕೈಯ ಕೆಳಗೆ ದುಡಿಯುವ ಯಾರದೇ ವಿರುದ್ಧ, ಮಾತೊಂದನ್ನು ಹೇಳಬೇಕಾಗಿ ಬಂದರೆ ಅದು ಎಲ್ಲಿಗೆ ಹೋಗಬೇಕು? ತ್ರಿವಿಧ ದಾಸೋಹದ ಹೆಮ್ಮೆಯುಳ್ಳ ಪ್ರತಿಯೊಂದು ಮಠವೂ ಇದಕ್ಕೆ ಉತ್ತರ ಕೊಡಬೇಕಾಗಿದೆ. ಗುರುಹಿರಿಯರ ಮಾತು ಮೀರಬೇಡ, ಜಂಗಮರಿಗೆ ಪಾದವಂದನೆ ಮಾಡು ಎಂದು ಕಲಿಸುವವರೂ ನಾವೇ. ಈ ನಿಯಮಕ್ಕೆ ಗುರುವೂ ಹೊರತಲ್ಲ, ಕಾವಿಯೂ ಹೊರತಲ್ಲ ಎಂದು ಹೇಳಬೇಕಾದವರೂ ನಾವೇ. ಶಾಲೆಗೆ ಬಂದ ಪೊಲೀಸರು ಇದನ್ನು ಹೇಳಿದರೆ ಮಗು ನಂಬಲಿಕ್ಕಿಲ್ಲ. ಮಠವೇ ಹೇಳಿದರೆ ನಂಬುತ್ತದೆ.

ದಾರಿಗಾಗಿ ದೂರ ಹುಡುಕಬೇಕಾಗಿಲ್ಲ. ಕುಂದಾಪುರ ತಾಲೂಕಿನಲ್ಲಿ 1990ರ ದಶಕದ ಮಧ್ಯಭಾಗದಿಂದ, ಕನ್ಯಾನದ ‘ನಮ್ಮ ಭೂಮಿ’ ಕೇಂದ್ರದಿಂದ ಕೆಲಸ ಮಾಡಿದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಕೆರಾಡಿ ಮೊದಲಾದ ಗ್ರಾಮಗಳಲ್ಲಿ ಮಕ್ಕಳ ಪಂಚಾಯತ್‌ಗಳನ್ನು ಕಟ್ಟಿತು. ದುಡಿಯುವ ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿ, ತಮ್ಮ ಸಮಸ್ಯೆಗಳನ್ನು ದೊಡ್ಡವರ ಪಂಚಾಯತ್‌ನ ಮುಂದಿಟ್ಟರು. ಮುಂದೆ ರಾಜ್ಯದ ಎಲ್ಲ ಗ್ರಾಮ ಪಂಚಾಯತ್‌ಗಳಿಗೂ ಮಕ್ಕಳ ಗ್ರಾಮಸಭೆಯ ಏರ್ಪಾಡು ಬಂತು. ಅಲ್ಲಿಯ ಒಂದು ಕ್ರಮ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆದಿದೆ. ಕಷ್ಟ ಹೇಳಿಕೊಳ್ಳಲು ತಮಗೆ ನಂಬಿಕೆಯ ದೊಡ್ಡವರೊಬ್ಬರನ್ನು ಮಕ್ಕಳೇ ‘ಮಕ್ಕಳ ಮಿತ್ರ’ರೆಂದು ಆರಿಸಿಕೊಳ್ಳುತ್ತಿದ್ದರು. ‘ನಂಬಿಕೆಯ ಹಿರಿಯರಿಗೆ ಹೇಳು’ ಎಂದು ಎಲ್ಲ ಕಾರ್ಯಕ್ರಮಗಳಲ್ಲಿಯೂ ಹೇಳುತ್ತಾರೆ. ಆ ಹಿರಿಯರು ಯಾರೆಂದು ಮಗುವನ್ನು ಕೇಳಿದವರು ಕುಂದಾಪುರದ ಆ ಜನ.

ಪೂಜ್ಯರ ಅಪ್ಪಣೆಯಂತೆ ಬರುವ ಜೂನ್ ತಿಂಗಳಿಂದ ಶ್ರೀಮಠದ ಪ್ರಸಾದ ನಿಲಯಕ್ಕೆ ಸೇರುವ ಪ್ರತಿಯೊಂದು ಮಗುವೂ ಇಬ್ಬರು ದೊಡ್ಡವರ ಹೆಸರನ್ನು ತಾನೇ ಬರೆಯುತ್ತದೆ, ಬರೆಯಲಾರದ ಮಗು ಹೇಳಿ ಬರೆಸುತ್ತದೆ. ಇಬ್ಬರಲ್ಲಿ ಒಬ್ಬರು ಮಠದ ಸಿಬ್ಬಂದಿಯಾಗಲಿ ಮಠದಿಂದ ವೇತನ ಪಡೆಯುವವರಾಗಲಿ ಆಗಿರಕೂಡದು. ಅವರಿಗೆ ದೂರವಾಣಿ ಮಾಡಲು ಮಗು ಕಾರಣ ಹೇಳಬೇಕಾಗಿಲ್ಲ. ಪ್ರತಿ ಆರು ತಿಂಗಳಿಗೊಮ್ಮೆ ಹೆಸರುಗಳನ್ನು ಮತ್ತೆ ಕೇಳಲಾಗುವುದು. ಆರು ತಿಂಗಳ ಹಿಂದೆ ಬರೆದ ಹೆಸರನ್ನು ಮಗು ಈಗ ಕೈಬಿಟ್ಟರೆ, ಬಿಟ್ಟದ್ದೇಕೆಂದು ಆ ಮಗುವನ್ನು ಗದರದೆ ವಿಚಾರಿಸುವ ಹೊಣೆಯನ್ನು ನಿಲಯದ ಹೊರಗಿನ ಮಹಿಳೆಯೊಬ್ಬರಿಗೆ ವಹಿಸಲಾಗಿದೆ.